ಅಪ್‌ಡೇಟ್: ಜರ್ಮನ್ ರಂಗಭೂಮಿಯ ಮೊದಲ ಇತಿಹಾಸ ಯಾವುದು?

ಹೋದ ತಿಂಗಳು ಕೇಳಿದ್ದೆ: ಜರ್ಮನ್ ನಟ ಎಡ್ವರ್ಡ್ ಡೆವ್ರಿಯೆಂಟ್ 1848ರಲ್ಲಿ ಶುರು ಮಾಡಿದ ರಂಗ ಇತಿಹಾಸದ ಸಂಪುಟಗಳೇ ಮೊದಲನೆಯವಾ ಅಂತ. ಅಲ್ಲ, ಇನ್ನೂ ಎಂಬತ್ತು ವರ್ಷ ಹಿಂದಕ್ಕೆ ಹೋಗಿ ಅಂದವರಿಗೆ ಥ್ಯಾಂಕ್ಸ್. ನೀವು ಹೇಳಿದ್ದೇ ಸರಿ.

ಯೋಹಾನ್ ಫ್ರೀಡ್ರಿಕ್ ಲೋವೆನ್ 1766ರಲ್ಲಿ ಬರೆದ ಜರ್ಮನ್ ರಂಗಭೂಮಿಯ ಇತಿಹಾಸದ ಸ್ಕ್ಯಾನ್ ಸಿಕ್ಕಿತು. ಹಳೇ ಅಚ್ಚು, ‘ಎಸ್’ ಅಕ್ಷರ ‘ಎಫ್’ ಥರ ಕಾಣುತ್ತೆ. ‘ಷೌಷ್ಪೀಲ್’ ಅಂದ್ರೆ ನಾಟಕ ಅನ್ನೋ ಪದವನ್ನೇ ಎರಡು ಸಲ ತಪ್ಪಾಗಿ ಓದಿ ನಿಘಂಟಿನಲ್ಲಿ ಹುಡುಕಿದೆ!

ಅದಕ್ಕೂ ಮುಂಚೆ, 1757ರಲ್ಲಿ ಸಾಹಿತ್ಯ ವಿಮರ್ಶಕ ಗಾಟ್‌ಶೆಡ್ ಒಂದು ಪುಸ್ತಕ ತಂದಿದ್ದ. ಆದರೆ ಅದು ಇತಿಹಾಸಕ್ಕಿಂತ ಹೆಚ್ಚಾಗಿ 1450ರಿಂದೀಚೆಗೆ ಅಚ್ಚಾದ ನಾಟಕಗಳ ಪಟ್ಟಿ. ನಟರ ಸುದ್ದಿ ಬೇಕಿದ್ದವರಿಗೆ ಸಪ್ಪೆ.

ಲೋವೆನ್ ಹಾಗಲ್ಲ. ಅವನ ಮಾವ ಷೋನೆಮನ್ ಸ್ವತಃ ನಾಟಕ ಕಂಪನಿ ಮಾಲೀಕ, ಹೆಂಡತಿ ನಟಿ. ಒಳಗಿನವನು, ಹಾಗಾಗಿ ನಿಷ್ಪಕ್ಷಪಾತಿ ಅಂತ ನಂಬಿ ಓದಬೇಡಿ. ರಂಗಭೂಮಿ ಅನ್ನೋದು ಕಂಪನಿ ಮಾಲೀಕರ ಕೈಯಲ್ಲಿ ಇರಬಾರದು ಅನ್ನೋದು ಅವನ ವಾದ. ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ ಏನಾಗ್ತಿತ್ತೋ!

ಬರೆದು ಸುಮ್ಮನಿರಲಿಲ್ಲ. 1767ರಲ್ಲಿ ಹ್ಯಾಂಬರ್ಗ್‌ನಲ್ಲಿ ತೆರೆದ ರಾಷ್ಟ್ರೀಯ ರಂಗಮಂದಿರಕ್ಕೆ ಅವನೇ ನಿರ್ದೇಶಕ, ನಾಟಕಕಾರ ಲೆಸ್ಸಿಂಗ್ ಅಲ್ಲಿಯ ವಿಮರ್ಶಕ. 1769ಕ್ಕೆ ಬಾಗಿಲು ಮುಚ್ಚಿತು.

ಈಗ ಷ್ಮಿಡ್ ಅನ್ನೋ ಲೇಖಕ 1775ರಲ್ಲಿ ತಂದ ಜರ್ಮನ್ ರಂಗಭೂಮಿಯ ಕಾಲಾನುಕ್ರಮಣಿಕೆ ಹಿಡಿದಿದ್ದೀನಿ. ಲೇಖಕನ ಹೆಸರಿಲ್ಲದೆ ಅಚ್ಚಾದದ್ದು. ಮೂವತ್ತು ಪುಟ ಆಗಿದೆ, ಕಣ್ಣು ಉರೀತಿದೆ.