ಪದಚರ್ಚೆ: ‘ಪಿನ್ಸಾ’ದಿಂದ ‘ಪಿಜ್ಜಾ’ ಬಂತೇ? ಫಾರ್, ಲೀಬುಮ್, ಪ್ಲಾಕೆಂತಾಗಳಿಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ

ಗೆಳೆಯರೆ,

ಪ್ರಾಚೀನ ರೋಮನ್ನರ ಊಟ ತಿಂಡಿಯ ಬಗೆಗಿನ ಬರಹವೊಂದು ಕನ್ನಡಕ್ಕೆ ಬರುತ್ತಿದೆ. ‘ಪಿಜ್ಜಾ ಎಂಬ ಹೆಸರು ಲ್ಯಾಟಿನ್ನಿನ ಪಿನ್ಸಾದಿಂದ ಬಂತು, ಪಿನ್ಸಾ ಎಂದರೆ ರೋಮನ್ ಸೈನಿಕರು ತಿನ್ನುತ್ತಿದ್ದ ಚಪ್ಪಟೆ ರೊಟ್ಟಿ’ ಎಂದು ಮೂಲದಲ್ಲಿದೆ. ಇದನ್ನು ಹಾಗೆಯೇ ಉಳಿಸಬಹುದೇ?

ಫಾರ್, ಲೀಬುಮ್, ಪ್ಲಾಕೆಂತಾ, ಮೊರೇತುಮ್ ಎಂಬ ಹೆಸರುಗಳೂ ಮತ್ತೆ ಮತ್ತೆ ಬರುತ್ತವೆ. ಈಗಿನ ಕರಡಿನಲ್ಲಿ ಇವು ಗೋಧಿ, ಕೇಕು, ಕೇಕು, ಸಲಾಡ್ ಎಂದಾಗಿವೆ. ಎರಡು ಬೇರೆ ತಿಂಡಿಗಳಿಗೆ ಒಂದೇ ‘ಕೇಕು’ ಸರಿಕಾಣುವುದಿಲ್ಲ. ಚೀಸಿಗೆ ‘ಗಿಣ್ಣು’ ಎಂದು ಬಳಸಲಾಗಿದೆ, ಆದೀತೇ? ಇನ್ನೊಂದು, ಪಿಜ್ಜಾ, ಪಿಜ್ಜ, ಪಿಟ್ಸಾ ಇವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳೋಣ?

ಉತ್ತರ 1

ಮೊದಲು ಪಿನ್ಸಾದ ವಾಕ್ಯ. ಅದನ್ನು ತೆಗೆದುಬಿಡಿ. ಅಡಿಟಿಪ್ಪಣಿ ಹಾಕಿ ಉಳಿಸುವುದೂ ಬೇಡ.

ಲ್ಯಾಟಿನ್ನಿನಲ್ಲಿ ‘ಪಿನ್ಸೆರೆ’ ಎಂಬ ಕ್ರಿಯಾಪದ ಇರುವುದು ನಿಜ. ಕುಟ್ಟು, ಜಜ್ಜು ಎಂದು ಅದರ ಅರ್ಥ. ಆದರೆ ಪಿನ್ಸಾ ಎಂಬ ಹೆಸರಿನ ರೊಟ್ಟಿಯ ಮಾತು ಪ್ರಾಚೀನ ರೋಮಿನ ಲೇಖಕರಾದ ಕೇಟೋನಲ್ಲೂ ಇಲ್ಲ, ಪ್ಲಿನಿಯಲ್ಲೂ ಇಲ್ಲ. ಇವತ್ತು ‘ಪಿನ್ಸಾ ರೊಮಾನಾ’ ಎಂದು ಮಾರುವ ಉದ್ದುದ್ದನೆಯ ಮೊಟ್ಟೆಯಾಕಾರದ ರೊಟ್ಟಿ ಈ ಶತಮಾನದ ಆರಂಭದಲ್ಲಿ ರೋಮಿನ ಮಾರುಕಟ್ಟೆಗೆ ಬಂದ ಸರಕು. ಗೋಧಿಹಿಟ್ಟಿಗೆ ಅಕ್ಕಿಹಿಟ್ಟು, ಸೋಯಾಹಿಟ್ಟು ಬೆರೆಸಿ, ನೀರು ಹೆಚ್ಚು ಹಾಕಿ, ಒಂದು ದಿನಕ್ಕಿಂತ ಹೆಚ್ಚು ಕಾಲ ತಣ್ಣಗೆ ಹುದುಗಿಸಿ ಮಾಡುತ್ತಾರೆ. ಸೋಯಾ ಪ್ರಾಚೀನ ರೋಮನ್ನರಿಗೆ ಗೊತ್ತೇ ಇರಲಿಲ್ಲ. ಒಳ್ಳೆಯ ರೊಟ್ಟಿ, ಸಂಶಯವಿಲ್ಲ. ಎರಡು ಸಾವಿರ ವರ್ಷದ ವಂಶಾವಳಿ ಮಾತ್ರ ಅದಕ್ಕೆ ಸಲ್ಲದು.

ಧ್ವನಿಯ ಲೆಕ್ಕವೂ ಕೂಡಿಬರುವುದಿಲ್ಲ. ಲ್ಯಾಟಿನ್ನಿನ ‘ನ್ಸ’ ಇಟಾಲಿಯನ್ನಿಗೆ ಇಳಿಯುವಾಗ ‘ನ್’ ಬಿದ್ದುಹೋಗುತ್ತದೆ. ತಿಂಗಳು ಎಂಬರ್ಥದ ಮೆನ್ಸಿಸ್ ‘ಮೇಸೆ’ ಆಯಿತು, ಮದುಮಗಳು ಎಂಬರ್ಥದ ಸ್ಪೊನ್ಸಾ ‘ಸ್ಪೋಸಾ’ ಆಯಿತು, ದ್ವೀಪ ಎಂಬರ್ಥದ ಇನ್ಸುಲಾ ‘ಈಸೊಲಾ’ ಆಯಿತು. ಇದೇ ದಾರಿಯಲ್ಲಿ ಪಿನ್ಸಾ ‘ಪೀಸಾ’ದಂಥ ರೂಪ ಪಡೆಯಬೇಕಿತ್ತು. ಒತ್ತಿ ಹೇಳುವ ‘ಟ್ಸ’ ಹುಟ್ಟಲು ಮೂಲದಲ್ಲಿ ಸಾಮಾನ್ಯವಾಗಿ ‘ತ್ಯ’ದಂಥ ಕೂಟ ಬೇಕು: ಬೀದಿ ಎಂಬರ್ಥದ ಪ್ಲಾತೆಆ ‘ಪಿಯಾಟ್ಸಾ’ ಆದದ್ದು, ಬಾವಿ ಎಂಬರ್ಥದ ಪುತೆಉಸ್ ‘ಪೊಟ್ಸೊ’ ಆದದ್ದು ಹಾಗೆ. ಪಿನ್ಸಾದಲ್ಲಿ ಅಂಥದ್ದೇನೂ ಇಲ್ಲ.

ಉಳಿದ ವಾದಗಳಲ್ಲಿ ತೂಕವಿರುವುದು ಎರಡಕ್ಕೆ. ಒಂದು, ಗ್ರೀಕರ ‘ಪಿತ್ತಾ’. ದಕ್ಷಿಣ ಇಟಲಿಯಲ್ಲಿ ಗ್ರೀಕ್ ನುಡಿ ಬಹುಕಾಲ ಬಾಳಿತ್ತು, ಕಲಾಬ್ರಿಯಾದಲ್ಲಿ ಇಂದಿಗೂ ಒಂದು ಬಗೆಯ ರೊಟ್ಟಿಗೆ ಪಿತ್ತಾ ಎಂದೇ ಹೆಸರು. ಆದರೆ ಅಲ್ಲಿ ‘ತ್ತ’ ಹಾಗೆಯೇ ಉಳಿದಿದೆ. ಅದು ಬೇರೆ ಕಡೆ ‘ಟ್ಸ’ ಆದದ್ದು ಏಕೆ ಎಂಬುದಕ್ಕೆ ಈ ವಾದದೊಳಗೆ ಉತ್ತರವಿಲ್ಲ. ಇನ್ನೊಂದು, ಹಿಂದೆ ಇಟಲಿಯನ್ನು ಆಳಿದ ಲೊಂಬಾರ್ಡರೆಂಬ ಜನರ ಜರ್ಮಾನಿಕ್ ನುಡಿಯ ‘ಬಿಟ್ಸೊ’ ಅಥವಾ ‘ಪಿಟ್ಸೊ’, ಅಂದರೆ ತುತ್ತು, ತುಂಡು. ಇಂಗ್ಲಿಷಿನ ‘ಬೈಟ್’ ಇದೇ ಕುಲದ್ದು. ಜರ್ಮಾನಿಕ್ ‘ತ’ಕಾರ ‘ಟ್ಸ’ ಆಗುವುದು ಆ ನುಡಿಗಳಲ್ಲಿ ನಿಯಮಬದ್ಧ ಬದಲಾವಣೆ, ‘ಬ’ಕಾರ ‘ಪ’ ಆಗುವುದೂ ಅಪರೂಪವಲ್ಲ. ಲೊಂಬಾರ್ಡ್ ಆಳ್ವಿಕೆ ದಕ್ಷಿಣ ಇಟಲಿಯ ಬೆನೆವೆಂತೊವರೆಗೆ ಹಬ್ಬಿತ್ತು. ವಿದ್ವಾಂಸರಲ್ಲಿ ಒಮ್ಮತವಿಲ್ಲದಿದ್ದರೂ ನನ್ನ ಒಲವು ಈ ಕಡೆಗೇ.

ಪದ ಮೊದಲು ಕಾಣಿಸಿಕೊಳ್ಳುವುದು ಕ್ರಿ.ಶ. 997ರ, ಇಟಲಿಯ ಗಾಯೆತಾ ಪಟ್ಟಣದ ಕರಾರುಪತ್ರದಲ್ಲಿ. ಗೇಣಿಗೆ ಪಡೆದವನು ಬಿಷಪ್ಪರಿಗೆ ಕ್ರಿಸ್‌ಮಸ್ ದಿನ 12 ‘ಪಿಟ್ಸೆ’ಗಳನ್ನೂ ಹಂದಿಮಾಂಸವನ್ನೂ, ಈಸ್ಟರ್ ದಿನ ಮತ್ತೆ 12 ಪಿಟ್ಸೆಗಳನ್ನೂ ಒಂದು ಜೊತೆ ಕೋಳಿಯನ್ನೂ ಕೊಡಬೇಕು ಎಂದು ಅದರಲ್ಲಿದೆ. ಇದನ್ನು ಅನುವಾದಿಸುವಾಗ ಓದುಗರ ಕಣ್ಣಮುಂದೆ ಟೊಮೆಟೊ, ಮೊಟ್ಸರೆಲ್ಲಾ ಬಾರದಂತೆ ನೋಡಿಕೊಳ್ಳಿ. ಮಧ್ಯ ಮತ್ತು ದಕ್ಷಿಣ ಇಟಲಿಯಲ್ಲಿ ಪಿಜ್ಜಾ ಎಂಬ ಹೆಸರಿನ ಹರಹು ದೊಡ್ಡದು. ಉಂಬ್ರಿಯಾದ ಈಸ್ಟರ್ ಪಿಜ್ಜಾ ಮೊಟ್ಟೆ, ಚೀಸ್ ಹಾಕಿ ಎತ್ತರಕ್ಕೆ ಉಬ್ಬಿಸಿದ ಬ್ರೆಡ್ಡು. ರೋಮಿನ ಬಿಳಿ ಪಿಜ್ಜಾಕ್ಕೆ ಎಣ್ಣೆ, ಉಪ್ಪು ಬಿಟ್ಟರೆ ಬೇರೇನೂ ಬೇಡ. 1570ರಲ್ಲಿ ಅಚ್ಚಾದ ಬಾರ್ತೊಲೊಮೆಯೊ ಸ್ಕಾಪ್ಪಿಯ ಅಡುಗೆಪುಸ್ತಕದಲ್ಲಿ ನೇಪಲ್ಸಿನವರು ಪಿಜ್ಜಾ ಎನ್ನುವ ತಿಂಡಿ ಬಾದಾಮಿ, ಅಂಜೂರ, ಖರ್ಜೂರ ಹಾಕಿದ ಸಿಹಿ! ಟೊಮೆಟೊ ಇಟಲಿಯ ಬರಹಗಳಲ್ಲಿ ಬರುವುದು 1540ರ ದಶಕದಿಂದ. ನೇಪಲ್ಸಿನಲ್ಲಿ ಟೊಮೆಟೊ ಸಾಸಿನ ವಿಧಾನ ಅಚ್ಚಾದದ್ದು 1690ರ ದಶಕದಲ್ಲಿ.

ಮೂಲದಲ್ಲಿ ರೋಮನ್ ಕವಿ ವರ್ಜಿಲನ ಪ್ರಸಂಗ ಬಂದಿದ್ದರೆ ಅಲ್ಲೂ ಎಚ್ಚರ. ‘ಈನಿಡ್’ ಕಾವ್ಯದ ಏಳನೆಯ ಕಾಂಡದಲ್ಲಿ ಕಥಾನಾಯಕ ಈನಿಯಸ್‌ನ ಕಡೆಯವರು ಹುಲ್ಲಿನ ಮೇಲೆ ತೆಳು ರೊಟ್ಟಿಗಳನ್ನು ಹಾಸಿ, ಮೇಲೆ ಹಣ್ಣುಗಳನ್ನಿಟ್ಟು ತಿನ್ನುತ್ತಾರೆ. ಹಣ್ಣು ಮುಗಿದು, ಹಸಿವು ಉಳಿದು, ಕೆಳಗಿನ ರೊಟ್ಟಿಗೂ ಬಾಯಿ ಹಾಕುತ್ತಾರೆ. ಆಗ ಈನಿಯಸ್‌ನ ಮಗ, ಹುಡುಗ ಯೂಲಸ್ ‘ಅಯ್ಯೋ, ನಾವು ಮೇಜನ್ನೂ ತಿನ್ನುತ್ತಿದ್ದೇವೆ’ ಎನ್ನುತ್ತಾನೆ. ಹಸಿವಿನಿಂದ ಮೇಜನ್ನೇ ತಿನ್ನುವಿರಿ ಎಂಬ ಹಳೆಯ ಭವಿಷ್ಯವಾಣಿ ಹಾಗೆ ನಿಜವಾಗುತ್ತದೆ. ಇದನ್ನು ಪಿಜ್ಜಾದ ಮೊದಲ ವರ್ಣನೆ ಎಂದು ಬಹಳ ಮಂದಿ ಬರೆಯುತ್ತಾರೆ. ಪ್ರಸಂಗದ ಸ್ವಾರಸ್ಯ ಇದಕ್ಕೆ ನೇರ ವಿರುದ್ಧ. ಆ ರೊಟ್ಟಿ ತಟ್ಟೆಯ ಜಾಗದಲ್ಲಿತ್ತು. ಮೇಲಿನದರ ಜೊತೆ ಸೇರಿಸಿ ತಿನ್ನುವ ವಾಡಿಕೆ ಇದ್ದಿದ್ದರೆ ಯೂಲಸ್‌ಗೆ ಅಚ್ಚರಿಯಾಗುತ್ತಲೇ ಇರಲಿಲ್ಲ.

2023ರಲ್ಲಿ ಹೂತುಹೋಗಿದ್ದ ರೋಮನ್ ಪಟ್ಟಣ ಪೊಂಪೇಯಲ್ಲಿ ಸಿಕ್ಕ ಭಿತ್ತಿಚಿತ್ರವೂ ಹೀಗೆಯೇ. ಬೆಳ್ಳಿ ತಟ್ಟೆಯಲ್ಲಿ ಚಪ್ಪಟೆ ರೊಟ್ಟಿ, ಪಕ್ಕದಲ್ಲಿ ದ್ರಾಕ್ಷಾರಸದ ಬಟ್ಟಲು, ಸುತ್ತ ಹಣ್ಣುಗಳು. ಉತ್ಖನನ ನಡೆಸಿದವರೇ ಇದು ಪಿಜ್ಜಾ ಅಲ್ಲ ಎಂದು ಹೇಳಿದರೂ ಸುದ್ದಿಯ ತಲೆಬರಹಗಳು ಪಿಜ್ಜಾ ಎಂದೇ ಓಡಿದವು.

ಈಗ ಫಾರ್. ‘ಗೋಧಿ’ ಎಂದರೆ ತಪ್ಪಲ್ಲ, ಆದರೆ ಅರ್ಧ ವಿಷಯ ಕಳೆದುಹೋಗುತ್ತದೆ. ಫಾರ್ ಎಂದರೆ ಎಮ್ಮರ್ ಗೋಧಿ, ಟ್ರಿಟಿಕಮ್ ಡೈಕೊಕಮ್. ಕನ್ನಡದಲ್ಲಿ ಅದಕ್ಕೆ ಹೆಸರು ಇದೆ: ಜವೆಗೋಧಿ, ಕೆಲವೆಡೆ ಸದಕ. ಬೆಳಗಾವಿ, ವಿಜಯಪುರ, ಧಾರವಾಡದ ಸೀಮೆಯಲ್ಲಿ ಇಂದಿಗೂ ಬೆಳೆಯುತ್ತಾರೆ; ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ ತಳಿಗಳು ಇದರವೇ. ಹುಗ್ಗಿ, ಮಾದಲಿ ಮಾಡುವವರಿಗೆ ಇದರ ಗುಣ ಗೊತ್ತು. ಸಾಮಾನ್ಯ ಗೋಧಿಯನ್ನು ಬಡಿದರೆ ಕಾಳು ಬಿಡಿಯಾಗಿ ಉದುರುತ್ತದೆ, ಜವೆಗೋಧಿಯ ಕಾಳು ಹೊಟ್ಟಿನೊಳಗೇ ಉಳಿಯುತ್ತದೆ. ಕುಟ್ಟಿಯೇ ಬಿಡಿಸಬೇಕು. ಕುಟ್ಟುವವ ಎಂಬರ್ಥದ ‘ಪಿಸ್ತೋರ್’ ಮುಂದೆ ಬ್ರೆಡ್ ಸುಡುವವನ ಹೆಸರಾದದ್ದು ಈ ಕಾರಣದಿಂದ. ರೋಮಿನಲ್ಲಿ ಬ್ರೆಡ್ ಸುಡುವುದು ಕಸುಬಾದದ್ದು ಮ್ಯಾಸಿಡೋನಿಯಾದ ಪರ್ಸಿಯಸ್ ರಾಜನ ಮೇಲಿನ ಯುದ್ಧದ ಕಾಲದಲ್ಲಿ (ಕ್ರಿ.ಪೂ. 171–168), ಅಲ್ಲಿಯವರೆಗೆ ಮನೆಯ ಹೆಂಗಸರೇ ಮಾಡುತ್ತಿದ್ದರು ಎಂದು ಪ್ಲಿನಿ ಬರೆದಿದ್ದಾನೆ. ಪಿನ್ಸೆರೆಯ ನಿಜವಾದ ಕುಡಿ ಬೇಕಿದ್ದರೆ ಅದು ಈ ಪಿಸ್ತೋರ್, ಪಿಜ್ಜಾ ಅಲ್ಲ.

ಕುಟ್ಟುವ ಮುಂಚೆ ಕಾಳನ್ನು ಹುರಿಯುತ್ತಿದ್ದರು, ಹೊಟ್ಟು ಗರಿಗರಿಯಾಗಿ ಬೇಗ ಒಡೆಯಲಿ ಎಂದು. ಹುರಿಯುವ ಒಲೆಗೆ ಫೋರ್ನಕಾಲಿಯಾ ಎಂಬ ಹಬ್ಬವೇ ಇತ್ತು. ಹುರಿದ ಕಾಳಿನ ಹಿಟ್ಟಿಗೆ ಜಿಗುಟು ಕಡಿಮೆ, ಅದು ಗಾಳಿ ಹಿಡಿದು ಉಬ್ಬುವುದಿಲ್ಲ. ಹಳೆಯ ರೋಮನ್ನರು ಬ್ರೆಡ್ಡಿಗಿಂತ ‘ಪುಲ್ಸ್’ ಎಂಬ ಗಂಜಿಯ ಮೇಲೆ, ಚಪ್ಪಟೆ ರೊಟ್ಟಿಯ ಮೇಲೆ ಬದುಕಿದ್ದಕ್ಕೆ ಇದೂ ಒಂದು ಕಾರಣ. ಪುಲ್ಸಿಗೆ ‘ಜವೆಗೋಧಿ ಗಂಜಿ’ ಎನ್ನಿ, ಚೆನ್ನಾಗಿ ಕೂರುತ್ತದೆ.

ಮೊರೇತುಮ್ ಸಲಾಡ್ ಅಲ್ಲವೇ ಅಲ್ಲ. ಅದೇ ಹೆಸರಿನ ಲ್ಯಾಟಿನ್ ಪದ್ಯದಲ್ಲಿ ರೈತನೊಬ್ಬ ನಾಲ್ಕು ಗಡ್ಡೆ ಬೆಳ್ಳುಳ್ಳಿ, ಕೊತ್ತಂಬರಿ, ನಾಗದಾಳಿ ಸೊಪ್ಪು, ಉಪ್ಪು, ಗಟ್ಟಿ ಚೀಸ್ ಎಲ್ಲವನ್ನೂ ಒರಳಿಗೆ ಹಾಕಿ, ಬಣ್ಣಗಳೆಲ್ಲ ಒಂದೇ ಆಗುವವರೆಗೆ ಅರೆದು, ಎಣ್ಣೆ, ವಿನೆಗರ್ ಹನಿಸಿ, ಉಂಡೆ ಮಾಡಿ ಬಿಸಿ ರೊಟ್ಟಿಯ ಜೊತೆ ತಿನ್ನುತ್ತಾನೆ. ಕನ್ನಡದಲ್ಲಿ ಇದಕ್ಕೆ ‘ಚಟ್ನಿ’ ಬಿಟ್ಟು ಬೇರೆ ಮಾತು ಬೇಡ. ‘ಖಾರ’ ಎನ್ನಬೇಡಿ, ಮೆಣಸಿನಕಾಯಿ ಆಗಿನ್ನೂ ಅಮೆರಿಕ ಬಿಟ್ಟು ಬಂದಿರಲಿಲ್ಲ.

ಗಿಣ್ಣು ಖಂಡಿತ ಬೇಡ. ಗಿಣ್ಣು ಈದ ಹಸುವಿನ ಮೊದಮೊದಲ ಹಾಲಿನದು, ಹೆಪ್ಪಿಲ್ಲದೆ ಕಾಯಿಸಿದರೇ ಗಟ್ಟಿಯಾಗುತ್ತದೆ. ರೋಮನ್ನರೂ ಆ ಹಾಲನ್ನು ಬಲ್ಲರು, ಅದಕ್ಕೆ ‘ಕೊಲೋಸ್ತ್ರಾ’ ಎನ್ನುತ್ತಿದ್ದರು. ಆ ಪದ ಬಂದಾಗ ಗಿಣ್ಣು ಬೇಕಾಗುತ್ತದೆ. ಚೀಸಿಗೆ ಚೀಸ್ ಎಂದೇ ಬರೆಯಿರಿ.

ಉತ್ತರ 2

ಲೀಬುಮ್, ಪ್ಲಾಕೆಂತಾ ಎರಡರ ವಿಧಾನವೂ ಕೇಟೋನ ಕೃಷಿಗ್ರಂಥದಲ್ಲಿ (ಸುಮಾರು ಕ್ರಿ.ಪೂ. 160) ಒಂದರ ಬೆನ್ನಿಗೊಂದು ಇವೆ. ವಿಧಾನ ಓದಿದರೆ ಹೆಸರಿಡುವುದು ಸುಲಭ.

ಲೀಬುಮ್‌ಗೆ ಎರಡು ಪೌಂಡು ಚೀಸ್ ಒರಳಿನಲ್ಲಿ ಚೆನ್ನಾಗಿ ಅರೆ, ಒಂದು ಪೌಂಡು ನಯವಾದ ಗೋಧಿಹಿಟ್ಟು ಹಾಕು, ಒಂದು ಮೊಟ್ಟೆ ಸೇರಿಸಿ ನಾದು, ರೊಟ್ಟಿ ಮಾಡಿ ಎಲೆಯ ಮೇಲಿಟ್ಟು, ಬಿಸಿ ಒಲೆಯಲ್ಲಿ ಮಡಕೆ ಮುಚ್ಚಿ ನಿಧಾನವಾಗಿ ಬೇಯಿಸು. ಇಷ್ಟೇ. ರೋಮನ್ ಪೌಂಡು ಸುಮಾರು 327 ಗ್ರಾಂ. ಅನುವಾದದಲ್ಲಿ ಬರಿದೆ ‘ಪೌಂಡು’ ಎಂದು ಬಿಟ್ಟರೆ ಓದುಗರು 454 ಗ್ರಾಂ ಎಂದುಕೊಳ್ಳುತ್ತಾರೆ. ಎಲ್ಲವೂ ಒಂದೇ ಪಾಲಿನಲ್ಲಿ ಹೆಚ್ಚಿದರೂ ಮೊಟ್ಟೆ ಮಾತ್ರ ಒಂದೇ ಉಳಿಯುವುದರಿಂದ ಹದ ಕೆಡುತ್ತದೆ. 650 ಗ್ರಾಂ ಚೀಸ್, 325 ಗ್ರಾಂ ಹಿಟ್ಟು ಎಂದು ಆವರಣದಲ್ಲಿ ಕೊಡಿ.

ಮಾಡಿ ನೋಡುವವರಿಗೆ ಅಡಿಯಲ್ಲಿ ಟಿಪ್ಪಣಿ ಬೇಕೇ ಬೇಕು. ರಿಕೋಟಾದಂಥ ಮೆತ್ತನೆ ಚೀಸನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿಯದಿದ್ದರೆ ಹಿಟ್ಟು ಹರಡಿಹೋಗುತ್ತದೆ. ಅಂಗಡಿಯ ಪನೀರಿನಲ್ಲಿ ನೀರು ಕಡಿಮೆ. ನುಣ್ಣಗೆ ಅರೆಯದಿದ್ದರೆ ತರಿತರಿಯಾಗಿ ಒಡೆಯುತ್ತದೆ. ಹುದುಗು ಇಲ್ಲದ್ದರಿಂದ ಒಂದಂಗುಲಕ್ಕಿಂತ ದಪ್ಪವಿದ್ದರೆ ನಡುವೆ ಹಸಿ ಉಳಿಯುತ್ತದೆ. ಹಿಟ್ಟು ಹೊಂದಿಕೊಂಡ ಕೂಡಲೇ ನಾದುವುದು ನಿಲ್ಲಿಸಿ, ಹೆಚ್ಚು ನಾದಿದರೆ ರಬ್ಬರಿನಂತಾಗುತ್ತದೆ. ಈಗಿನ ಓವನ್ನಿನಲ್ಲಾದರೆ 180 ಡಿಗ್ರಿ, ಮೇಲೆ ಮಡಕೆ ಮುಚ್ಚಿ, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಕೇಟೋ ಉಪ್ಪು ಹೇಳಿಲ್ಲ. ಉಪ್ಪಿಲ್ಲದ ಚೀಸ್ ಹಾಕುವವರು ತಾವೇ ಸೇರಿಸಬೇಕು. ಎಲೆ ಎಂದಾಗ ಸಾಮಾನ್ಯವಾಗಿ ಬಳಸುವುದು ಲಾರೆಲ್. ಅದನ್ನು ‘ಪಲಾವ್ ಎಲೆ’ ಎಂದು ಅನುವಾದಿಸಬೇಡಿ. ನಮ್ಮ ಪಲಾವ್ ಎಲೆ ದಾಲ್ಚಿನ್ನಿಯ ಕುಲದ ಮರದ್ದು, ಅದರ ಮೇಲೆ ಉದ್ದಕ್ಕೆ ಮೂರು ನರಗಳಿರುತ್ತವೆ. ಲಾರೆಲ್‌ಗೆ ನಡುವೆ ಒಂದೇ ನರ, ಪರಿಮಳವೂ ಬೇರೆ.

ಲೀಬುಮ್ ದೇವರಿಗೆ ಅರ್ಪಿಸುತ್ತಿದ್ದ, ಹುಟ್ಟುಹಬ್ಬಕ್ಕೂ ಮಾಡುತ್ತಿದ್ದ ತಿಂಡಿ. ಆದ್ದರಿಂದ ಮೊದಲ ಸಲ ‘ಲೀಬುಮ್ ಎಂಬ ನೈವೇದ್ಯದ ರೊಟ್ಟಿ’ ಎಂದು ಬರೆದು ಮುಂದೆ ಲೀಬುಮ್ ಎಂದಷ್ಟೇ ಸಾಕು. ವರ್ಜಿಲನ ಪ್ರಸಂಗದಲ್ಲೂ ಲೀಬಾ ಎಂಬ ಬಹುವಚನವೇ ಇದೆ, ಆದರೆ ಅವು ಜವೆಗೋಧಿಯವು, ಚೀಸಿನ ಮಾತಿಲ್ಲ. ಅಲ್ಲಿ ಬರೀ ‘ರೊಟ್ಟಿ’ ಎನ್ನಿ.

ಪ್ಲಾಕೆಂತಾ ಬೇರೆಯೇ ಪ್ರಮಾಣದ್ದು: 14 ಪೌಂಡು ಕುರಿಹಾಲಿನ ಚೀಸ್, ನಾಲ್ಕೂವರೆ ಪೌಂಡು ಜೇನು. ಕೆಳಗೆ ಅಗಲವಾದ ಕಣಕ, ಅದರ ಮೇಲೆ ಒಣಗಿಸಿದ ತೆಳು ಹಾಳೆ, ಜೇನು ಬೆರೆತ ಚೀಸು, ಮತ್ತೆ ಹಾಳೆ, ಮತ್ತೆ ಚೀಸು. ಕೊನೆಗೆ ಕಣಕದ ಅಂಚನ್ನು ಮೇಲಕ್ಕೆ ಮಡಿಸಿ ಸುಡಬೇಕು. ಹೋಳಿಗೆ, ಚಿರೋಟಿ ಎಂದರೆ ಓದುಗರ ಮನಸ್ಸು ಬೇರೆಡೆ ಹೋಗುತ್ತದೆ. ‘ಜೇನು–ಚೀಸಿನ ಪದರದ ಸಿಹಿ’ ಎಂದು ಬಿಡಿಸಿ ಹೇಳಿ, ಹೆಸರನ್ನು ಪ್ಲಾಕೆಂತಾ ಎಂದೇ ಉಳಿಸಿ. ‘ಪ್ಲಾಸೆಂಟಾ’ ಎಂದು ಬರೆದರೆ ಎಲ್ಲರೂ ಗರ್ಭದ ಮಾಸು ಎಂದೇ ಓದುತ್ತಾರೆ. ಮಾಸಿಗೆ ಈ ಹೆಸರು ಬಂದದ್ದು 1559ರಲ್ಲಿ, ಅಂಗರಚನಾಶಾಸ್ತ್ರಜ್ಞ ರೆಯಾಲ್ಡೊ ಕೊಲಂಬೊನಿಂದ. ಅದರ ಚಪ್ಪಟೆ ದುಂಡು ಆಕಾರ ಆ ತಿಂಡಿಯನ್ನು ಹೋಲುತ್ತದೆಂದು. ತಿಂಡಿಯ ಅರ್ಥದಲ್ಲಿ ಪದ ರೊಮೇನಿಯಾದಲ್ಲಿ ‘ಪ್ಲಚಿಂತಾ’ ಎಂದು ಇನ್ನೂ ಬದುಕಿದೆ.

ಉತ್ತರ 1ರಿಂದ ಸೇರ್ಪಡೆ

ಬರಹದ ರೂಪದ ಪ್ರಶ್ನೆ ಉಳಿದಿತ್ತು. ಇಟಾಲಿಯನ್ ಉಚ್ಚಾರಕ್ಕೆ ಹತ್ತಿರದ್ದು ‘ಪಿಟ್ಸಾ’. ಆದರೆ ಕನ್ನಡದಲ್ಲಿ ‘ಪಿಜ್ಜಾ’ ಬೇರೂರಿದೆ, ಫಲಕಗಳಲ್ಲೂ ಪತ್ರಿಕೆಗಳಲ್ಲೂ ಅದೇ. ಈಗಿನ ತಿಂಡಿಗೆ ಪಿಜ್ಜಾ ಎಂದೇ ಬರೆಯಿರಿ. ವಿಭಕ್ತಿ ಹಚ್ಚುವಾಗ ಪಿಜ್ಜಾದ, ಪಿಜ್ಜಾಕ್ಕೆ, ಪಿಜ್ಜಾಗಳು. 997ರ ಕರಾರಿನ ಪದವನ್ನು ಉಲ್ಲೇಖಿಸುವಾಗ ಮಾತ್ರ ‘ಪಿಟ್ಸೆ’ ಎಂದು ಉದ್ಧರಣ ಚಿಹ್ನೆಯೊಳಗೆ ಕೊಡಿ. ಪಿನ್ಸಾದ ವಾಕ್ಯ ತೆಗೆದ ಜಾಗಕ್ಕೆ ಇದು ಆದೀತು: ‘ಪಿಜ್ಜಾ ಎಂಬ ಹೆಸರು ಕ್ರಿ.ಶ. 997ರಲ್ಲಿ ಗಾಯೆತಾದ ಕರಾರುಪತ್ರದಲ್ಲಿ ಮೊದಲು ಕಾಣುತ್ತದೆ. ಅದರ ಮೂಲದ ಬಗ್ಗೆ ಗ್ರೀಕ್, ಲೊಂಬಾರ್ಡ್ ಎಂಬ ಎರಡು ಮುಖ್ಯ ವಾದಗಳಿವೆ.’