ಐವತ್ತು ನಿಮಿಷಕ್ಕೆ ಒಂದೂವರೆ ಸಾವಿರ

"ಮಾತಾಡೋದಕ್ಕೆ ದುಡ್ಡಾ?" ಎಂದರು ಬ್ಯಾಂಕ್ ಭಾವ. "ಅದೂ ನಾವೇ ಮಾತಾಡಿ, ನಾವೇ ದುಡ್ಡು ಕೊಡಬೇಕಾ?"

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಅರ್ಧ ಸುತ್ತು ನಡೆದು, ಉಳಿದರ್ಧವನ್ನು ಬೆಂಚಿನ ಮೇಲೆ ಕೂತು ಮುಗಿಸುವುದು ನಮ್ಮ ಗುಂಪಿನ ವ್ಯಾಯಾಮ. ಆವತ್ತು ಆ ಬೆಂಚಿನ ಮೇಲೆ ಲ್ಯಾಪ್‌ಟಾಪು ಬಾಯಿಬಿಟ್ಟಿದ್ದ. ಲ್ಯಾಪ್‌ಟಾಪು ಅಂದರೆ ಮೇಷ್ಟ್ರ ಹಳೇ ಶಿಷ್ಯ, ಬೆಂಗಳೂರಿನ ಕಂಪನಿಗೆ ಮೈಸೂರಿನ ಮನೆಯಿಂದಲೇ ದುಡಿಯುವ ಹುಡುಗ. ನಿದ್ದೆ ಸರಿಯಿಲ್ಲ, ಮೀಟಿಂಗ್ ಅಂದರೆ ಎದೆ ಡವಡವ, ಅದಕ್ಕೇ ಆನ್‌ಲೈನಿನಲ್ಲಿ ಥೆರಪಿ ಶುರು ಮಾಡಿದ್ದೇನೆ ಎಂದ. ಯಾರಾದರೂ "ತಲೆ ಕೆಟ್ಟಿದೆಯಾ?" ಅಂದುಬಿಟ್ಟಾರು ಎಂದು ನನಗೆ ಒಳಗೊಳಗೇ ಭಯ. ಯಾರೂ ಅನ್ನಲಿಲ್ಲ. ಕಾಯಿಲೆ ಕೇಳಿ ಯಾರೂ ಬೆಚ್ಚಲಿಲ್ಲ. ಬೆಚ್ಚಿದ್ದು ಫೀಸು ಕೇಳಿ.

"ಒಂದು ಸಲಕ್ಕೆ ಒಂದೂವರೆ ಸಾವಿರ. ಐವತ್ತು ನಿಮಿಷ," ಎಂದ ಲ್ಯಾಪ್‌ಟಾಪು.

"ನಿಮಿಷಕ್ಕೆ ಮೂವತ್ತು ರೂಪಾಯಿ!" ಭಾವ ರಿಟೈರಾದರೂ ಅವರ ತಲೆಯೊಳಗಿನ ಕ್ಯಾಲ್ಕ್ಯುಲೇಟರ್ ರಿಟೈರಾಗಿಲ್ಲ. "ಎಪ್ಪತ್ತೈದು ಕಾಫಿ ಆಯಿತಲ್ಲೋ! ವಾರಕ್ಕೊಂದು ಸಲ ಅಂದರೆ ತಿಂಗಳಿಗೆ ಆರು ಸಾವಿರ. ಮಾತ್ರೆ ಕೊಡುತ್ತಾರಾ?"

"ಇಲ್ಲ ಭಾವ."

"ಇಂಜೆಕ್ಷನ್?"

"ವೀಡಿಯೋ ಕಾಲಿನಲ್ಲಿ ಎಲ್ಲಿಗೆ ಚುಚ್ಚುತ್ತಾರೆ ಭಾವ?"

"ಒಂದು ಟಾನಿಕ್ಕಾದರೂ?"

ಲಲಿತಕ್ಕ ಮಧ್ಯೆ ಬರದಿದ್ದರೆ ಭಾವ ಗ್ಲೂಕೋಸ್ ಬಾಟಲಿಯವರೆಗೂ ಹೋಗುತ್ತಿದ್ದರು. ಲಲಿತಕ್ಕ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಅವರ ದನಿಗೆ ಇವತ್ತಿಗೂ ನಾವೆಲ್ಲ ಥರ್ಮಾಮೀಟರ್ ಬಾಯಲ್ಲಿಟ್ಟವರ ಹಾಗೆ ಸುಮ್ಮನಾಗುತ್ತೇವೆ.

"ದುಡ್ಡು ಆಮೇಲೆ. ಮೊದಲು ಯಾರಿಗೆ ಕೊಡುತ್ತಿದ್ದೀಯ ಹೇಳು," ಎಂದರು. "ಸೈಕಿಯಾಟ್ರಿಸ್ಟಾ, ಸೈಕಾಲಜಿಸ್ಟಾ, ಕೌನ್ಸೆಲರ್ರಾ?"

"ಎಲ್ಲಾ ಒಂದೇ ಅಲ್ವಾ?"

"ಒಂದೇ ಆಗಿದ್ದರೆ ಮೂರು ಹೆಸರು ಯಾಕೆ? ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮಾಡಿ ಮೇಲೆ ಎಂಡಿ ಓದಿದ ಡಾಕ್ಟರು. ಮಾತ್ರೆ ಬರೆಯೋದು ಅವರೇ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯೋ ಹಾಗಿಲ್ಲ. ಮಾತಿನಿಂದಲೇ ಚಿಕಿತ್ಸೆ ಕೊಡುತ್ತಾರೆ. ಅವರಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಇರಬೇಕು. ಆ ನಂಬರ್ ಕೇಳಬಹುದು, ಕೇಳಿದರೆ ಒಳ್ಳೆಯವರು ಬೇಜಾರು ಮಾಡಿಕೊಳ್ಳೋದಿಲ್ಲ. ಇನ್ನು ಕೌನ್ಸೆಲರ್ ಅನ್ನೋ ಬೋರ್ಡು ಇದೆಯಲ್ಲ, ಚೆನ್ನಾಗಿ ಓದಿಕೊಂಡವರೂ ಹಾಕಿಕೊಂಡಿದ್ದಾರೆ, ನಾಲ್ಕು ದಿನದ ಕೋರ್ಸು ಮಾಡಿದವರೂ ಹಾಕಿಕೊಂಡಿದ್ದಾರೆ. ನೀನು ಏನು ನೋಡಿ ಆರಿಸಿದೆ?"

ಲ್ಯಾಪ್‌ಟಾಪು ತಲೆ ಕೆರೆದುಕೊಂಡ. "ಫೋಟೋದಲ್ಲಿ ಶಾಂತವಾಗಿ ಕಾಣುತ್ತಿದ್ದರು. ಹಿಂದೆ ಒಂದು ಮನಿ ಪ್ಲಾಂಟ್ ಇತ್ತು."

"ಪ್ಲಾಂಟ್ ಅವರದು, ಮನಿ ನಿನ್ನದು," ಎಂದರು ಭಾವ.

ರೇಟಿನ ವಿಷಯಕ್ಕೂ ಲಲಿತಕ್ಕನೇ ಉತ್ತರ ಕೊಟ್ಟರು. ಹೊಸದಾಗಿ ಶುರು ಮಾಡಿದವರು ಐನೂರು, ಎಂಟುನೂರಕ್ಕೂ ಸಿಗುತ್ತಾರೆ. ಅನುಭವ ಇರುವವರದು ಸಾವಿರದಿಂದ ಎರಡು ಸಾವಿರ. ದೊಡ್ಡ ಊರಿನ ಹೆಸರುವಾಸಿಗಳದು ಅದಕ್ಕೂ ಜಾಸ್ತಿ. ಒಂದೂವರೆ ಸಾವಿರ ಮೋಸವೇನಲ್ಲ, ಆದರೆ ಅದೇ ಕೊನೆಯ ರೇಟೂ ಅಲ್ಲ ಎಂದರು. ಮೇಷ್ಟ್ರು ತಮ್ಮ ಟ್ಯೂಷನ್ ದಿನ ನೆನೆದರು. "ನಾನು ಒಂದು ಗಂಟೆಗೆ ನಲವತ್ತು ಹುಡುಗರನ್ನು ಕೂರಿಸುತ್ತಿದ್ದೆ. ಈ ವೃತ್ತಿಯಲ್ಲಿ ಒಂದು ಗಂಟೆಗೆ ಒಬ್ಬನೇ. ದಿನಕ್ಕೆ ಐದಾರು ಜನರ ಮೇಲೆ ನೋಡಿದರೆ ಕೇಳುವವರ ತಲೆಯೇ ಕೆಡುತ್ತದೆ. ಅದರಲ್ಲಿ ಆಪ್‌ನವರ ಕಮಿಷನ್ ಬೇರೆ. ಲೆಕ್ಕ ಹಾಕಿ ನೋಡಿ." ಭಾವ ಹಾಕಿ ನೋಡಿದರು. ಸ್ವಲ್ಪ ತಣ್ಣಗಾದರು.

ಲ್ಯಾಪ್‌ಟಾಪಿಗೆ ಇನ್ನೊಂದು ಆಮಿಷ ಬಂದಿತ್ತು. ಹತ್ತು ಸೆಷನ್ನಿನ ಪ್ಯಾಕೇಜು ಒಟ್ಟಿಗೆ ಕಟ್ಟಿದರೆ ಎರಡು ಫ್ರೀ. ಇದನ್ನು ಕೇಳಿದ್ದೇ ಭಾವನ ಕಣ್ಣು ಮಿನುಗಿತು. ಫ್ರೀ ಅಂದರೆ ಅವರಿಗೆ ಮೈಮೇಲೆ ದೇವರು ಬಂದಂತೆ. ಲಲಿತಕ್ಕ ಆ ದೇವರನ್ನು ಅಲ್ಲೇ ಇಳಿಸಿದರು.

"ಮೊದಲ ಸಲವೇ ಹತ್ತಕ್ಕೆ ಕಟ್ಟಬೇಡ. ಒಂದೆರಡು ಸಲ ಮಾತಾಡು. ಅವರ ಜೊತೆ ಹೊಂದಿಕೆ ಆಗದಿದ್ದರೆ ಬೇರೆಯವರನ್ನು ನೋಡು, ಅದರಲ್ಲಿ ತಪ್ಪೇನಿಲ್ಲ. ಮುಂಗಡ ಕಟ್ಟಿದರೆ ದುಡ್ಡಿನ ಮುಖ ನೋಡಿಕೊಂಡು ಕೂತಿರಬೇಕಾಗುತ್ತದೆ. ದುಡ್ಡು ವಾಪಸ್ ಬರುತ್ತದಾ, ಎಷ್ಟು ದಿನದೊಳಗೆ ಮುಗಿಸಬೇಕು, ಎಷ್ಟು ಗಂಟೆ ಮೊದಲು ತಿಳಿಸಿದರೆ ಕ್ಯಾನ್ಸಲ್ ಮಾಡಬಹುದು, ಇದನ್ನೆಲ್ಲ ಕಟ್ಟುವ ಮೊದಲೇ ಓದು. ಸುಮಾರು ಕಡೆ 24 ಗಂಟೆ ಮೊದಲು ಹೇಳದಿದ್ದರೆ ಪೂರ್ತಿ ಫೀಸು ಹಿಡಿಯುತ್ತಾರೆ."

"ಅಂದರೆ ಮಾತಾಡದಿದ್ದರೂ ದುಡ್ಡು!" ಭಾವ ಮತ್ತೆ ಬಿಸಿಯಾದರು.

ಅಷ್ಟು ಹೊತ್ತು ಸುಮ್ಮನಿದ್ದವನು ಪಾಲಿಸಿ ಪುಟ್ಟಣ್ಣ. ಮದ್ದೂರು ಕಡೆಯವನು. ಸಾವು, ಕಾಯಿಲೆ, ಮಳೆ, ಏನೇ ಮಾತು ಬಂದರೂ ಅವನ ಚೀಲದಿಂದ ಒಂದು ಪಾಲಿಸಿ ಹೊರಗೆ ಬರುತ್ತದೆ. ಅವನೇ ಸುಮ್ಮನಿದ್ದಾನೆ ಅಂದರೆ ಏನೋ ಇದೆ ಅನ್ನಿಸಿ ಮೇಷ್ಟ್ರು ಕೇಳಿದರು. "ಏನಯ್ಯಾ ಪುಟ್ಟಣ್ಣ, ನಿನ್ನ ಇನ್ಶೂರೆನ್ಸು ಇದಕ್ಕೆ ಕೊಡೋದಿಲ್ವಾ?"

"ಕೊಡುತ್ತೆ ಮೇಷ್ಟ್ರೇ. ಕಾನೂನೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ. ಮೈ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಕೊಡಬೇಕು ಅಂತ ಬರೆದಿದ್ದಾರೆ. ಎಲ್ಲಾ ಪಾಲಿಸಿಗೂ ಇದನ್ನು ಸೇರಿಸಿ ಅಂತ ವಿಮಾ ಪ್ರಾಧಿಕಾರ 2022ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು."

"ಮತ್ತೆ ಮುಖ ಯಾಕೆ ಹಾಗೆ?"

"ಅಡ್ಮಿಟ್ ಆಗಬೇಕು," ಎಂದ ಪುಟ್ಟಣ್ಣ ಮೆಲ್ಲಗೆ.

"ಯಾರು?"

"ಇವನು. ಸಾಮಾನ್ಯ ಪಾಲಿಸಿ ಆಸ್ಪತ್ರೆಗೆ ಸೇರಿದರೆ ಮಾತ್ರ ಕೊಡೋದು, 24 ಗಂಟೆಯಾದರೂ ಮಲಗಬೇಕು. ಮನೆಯಲ್ಲಿ ಕೂತು ಫೋನಿನಲ್ಲಿ ಮಾತಾಡಿದ್ದಕ್ಕೆ ಒಪಿಡಿ ಕವರ್ ಅಂತ ಬೇರೆ ಇರುತ್ತೆ, ಅದು ಇದ್ದರೆ ಉಂಟು. ಅದರಲ್ಲೂ ವರ್ಷಕ್ಕೆ ಇಷ್ಟೇ ಅಂತ ಮಿತಿ. ಕೆಲವರು ಸೈಕಿಯಾಟ್ರಿಸ್ಟ್ ಬರೆದುಕೊಟ್ಟರೆ ಮಾತ್ರ ಒಪ್ಪುತ್ತಾರೆ."

"ಹಂಗಾದರೆ ಐವತ್ತು ನಿಮಿಷ ಮಾತಾಡೋಕೆ ಇವನು ಒಂದು ದಿನ ಮಂಚ ಹಿಡಿಯಬೇಕಾ?" ಭಾವನಿಗೆ ಈಗ ನಿಜವಾದ ಸಂತೋಷ. ಎಷ್ಟೋ ವರ್ಷದಿಂದ ಪುಟ್ಟಣ್ಣನ ಪಾಲಿಸಿ ತಪ್ಪಿಸಿಕೊಂಡು ಬಂದಿದ್ದಕ್ಕೆ ಇವತ್ತು ನ್ಯಾಯ ಸಿಕ್ಕಿತ್ತು. ಪಾಪ, ಪುಟ್ಟಣ್ಣ ಹೇಳಿದ್ದರಲ್ಲಿ ಕೆಲಸಕ್ಕೆ ಬರುವ ಮಾತೂ ಇತ್ತು. ಒಪಿಡಿ ಕವರ್ ಇದ್ದರೆ ಮೊದಲು ಕೈಯಿಂದ ಕಟ್ಟಿ ಆಮೇಲೆ ಕ್ಲೇಮ್ ಮಾಡಬೇಕಾಗಿ ಬರಬಹುದು. ಆದ್ದರಿಂದ ಪ್ರತಿ ಸಲವೂ ಥೆರಪಿಸ್ಟರ ಹೆಸರು, ಓದು, ನೋಂದಣಿ ನಂಬರ್ ಇರುವ ರಸೀದಿ ಇಟ್ಟುಕೋ ಎಂದ. ಯುಪಿಐ ಸ್ಕ್ರೀನ್‌ಶಾಟ್ ತಗೊಂಡು ಬಂದರೆ ಯಾರೂ ಮೂಸುವುದಿಲ್ಲವಂತೆ.

"ಟ್ಯಾಕ್ಸಿನಲ್ಲಿ?" ಎಂದು ನಾನು ಕೇಳಿದೆ. ಇದು ಭಾವನ ಕ್ಷೇತ್ರ. ಹಳೇ ತೆರಿಗೆ ಪದ್ಧತಿಯಲ್ಲಿ 80ಡಿ ಅಂತ ಕರೆಯುತ್ತಿದ್ದ ಕಲಮು ಇದೆ, ಅರವತ್ತರೊಳಗಿನವರಿಗೆ ವಿಮೆ ಪ್ರೀಮಿಯಂ ಮೇಲೆ 25,000 ರೂಪಾಯಿವರೆಗೆ ವಿನಾಯಿತಿ, ಹೊಸ ಪದ್ಧತಿಗೆ ಹೋದವರಿಗೆ ಅದೂ ಇಲ್ಲ, ಕೌನ್ಸೆಲಿಂಗ್ ಫೀಸಿಗೆ ಅಂತ ಪ್ರತ್ಯೇಕ ಕಲಮೇ ಇಲ್ಲ ಎಂದರು. ಮೇಷ್ಟ್ರ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅಲ್ಲಿ ಸಂಬಳಕ್ಕೆ ತೆರಿಗೆ ಹಿಡಿಯುವ ಮೊದಲೇ ಆಸ್ಪತ್ರೆ ಖರ್ಚಿಗೆಂದು ಒಂದಿಷ್ಟು ಎತ್ತಿಡಬಹುದು, ಥೆರಪಿಯನ್ನೂ ಅದರಿಂದ ಕಟ್ಟಬಹುದು ಎಂದು ಮೇಷ್ಟ್ರು ಹೇಳಿದಾಗ ಭಾವ ನಿಟ್ಟುಸಿರಿಟ್ಟರು. ಆದರೆ ಅಲ್ಲೂ ಎಲ್ಲ ಚೆಂದವಿಲ್ಲ. ಥೆರಪಿ ಆಪ್ ಒಂದು ಜನರ ಮಾಹಿತಿಯನ್ನು ಜಾಹೀರಾತಿನವರಿಗೆ ಕೊಟ್ಟಿತೆಂದು 2023ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 78 ಲಕ್ಷ ಡಾಲರ್ ಕಕ್ಕಿಸಿತು. ಅಗ್ಗದ ಆಪ್ ಸಿಕ್ಕಿತೆಂದು ಕುಣಿಯುವ ಮೊದಲು ಇದನ್ನೂ ನೆನೆಯಬೇಕು ಅನ್ನುವುದು ನನ್ನ ಅಭಿಪ್ರಾಯ. ಯಾರೂ ಕೇಳಲಿಲ್ಲ, ಆದರೂ ಹೇಳಿದೆ.

"ನಿಮ್ಮ ಕಂಪನಿಯವರು ಏನೂ ಕೊಡೋದಿಲ್ವಾ?" ಲಲಿತಕ್ಕ ಲ್ಯಾಪ್‌ಟಾಪನ್ನು ಕೇಳಿದರು.

"ಎಚ್‌ಆರ್‌ನವರು ಏನೋ ಮೇಲ್ ಕಳಿಸುತ್ತಿರುತ್ತಾರೆ ಅಕ್ಕ. ಹೂವಿನ ಚಿತ್ರ ಇರುತ್ತೆ. ನಾನು ಓದಲ್ಲ."

"ತೆಗಿ ನೋಡೋಣ."

ತೆಗೆದ. ಹೂವಿನ ಚಿತ್ರದ ಕೆಳಗೆ ಎಂಪ್ಲಾಯೀ ಅಸಿಸ್ಟೆನ್ಸ್ ಪ್ರೋಗ್ರಾಂ ಅಂತ ಇತ್ತು. ವರ್ಷಕ್ಕೆ ಆರು ಸೆಷನ್ ಕಂಪನಿ ಖರ್ಚಿನಲ್ಲಿ. ಮನೆಯವರಿಗೂ ಅನ್ವಯ. ಲ್ಯಾಪ್‌ಟಾಪಿನ ಬಾಯಿ ತೆರೆದುಕೊಂಡೇ ಉಳಿಯಿತು. ಭಾವ "ಒಂಬತ್ತು ಸಾವಿರ ರೂಪಾಯಿಯ ಹೂವು!" ಎಂದು ಕೆರೆಯ ಹಕ್ಕಿಗಳೆಲ್ಲ ಏಳುವಂತೆ ಕೂಗಿದರು.

"ನಾನು ಹೇಳಿದ್ದೆಲ್ಲ ಮ್ಯಾನೇಜರ್‌ಗೆ ಗೊತ್ತಾಗಿಬಿಟ್ಟರೆ?" ಲ್ಯಾಪ್‌ಟಾಪಿಗೆ ಅನುಮಾನ. ಅವನ ಸಮಸ್ಯೆಯ ಮುಕ್ಕಾಲು ಪಾಲು ಮ್ಯಾನೇಜರ್ರೇ ಆಗಿದ್ದರಿಂದ ಅನುಮಾನ ನ್ಯಾಯವಾದದ್ದೇ. ಈ ಸೇವೆಯನ್ನು ಸಾಮಾನ್ಯವಾಗಿ ಹೊರಗಿನ ಸಂಸ್ಥೆ ನಡೆಸುತ್ತದೆ, ಯಾರು ಏನು ಮಾತಾಡಿದರು ಅನ್ನುವುದನ್ನು ಕಂಪನಿಗೆ ಹೇಳುವ ಹಾಗಿರುವುದಿಲ್ಲ, ಆದರೂ ಮೊದಲ ಕಾಲಿನಲ್ಲೇ ಇದನ್ನು ಕೇಳಿ ಖಾತ್ರಿ ಮಾಡಿಕೋ ಎಂದರು ಲಲಿತಕ್ಕ.

"ಆರು ಮುಗಿದ ಮೇಲೆ?"

"ನಿನ್ನ ಮನಿ ಪ್ಲಾಂಟಿನವರನ್ನೇ ಕೇಳು. ನನ್ನ ಕೈಲಿ ಇಷ್ಟೇ ಆಗೋದು ಅಂತ ನೇರವಾಗಿ ಹೇಳು. ವರಮಾನ ನೋಡಿ ಫೀಸು ಇಳಿಸುವವರು ಎಷ್ಟೋ ಜನ ಇದ್ದಾರೆ. ವಾರದ ಬದಲು ಹದಿನೈದು ದಿನಕ್ಕೊಮ್ಮೆ ಸಾಕಾ ಅಂತಲೂ ಕೇಳಬಹುದು."

ಚೌಕಾಸಿ ಅಂದಕೂಡಲೇ ಭಾವ ತೋಳು ಮಡಚಿದರು. ದೇವರಾಜ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಮೊಳವನ್ನು ತಮ್ಮ ತೋಳಲ್ಲೇ ಅಳೆಸುವ ಮನುಷ್ಯ. "ನಾನು ಮಾತಾಡುತ್ತೇನೆ ಬಿಡು. ಒಂದೂವರೆ ಸಾವಿರ ಅಂದರಾ? ಆರುನೂರಕ್ಕೆ ಕೇಳೋಣ. ಆಗಲ್ಲ ಅಂದರೆ ಎದ್ದು ಹೋಗೋ ಹಾಗೆ ಮಾಡೋಣ. ವಾಪಸ್ ಕರೆಯುತ್ತಾರೆ."

"ವೀಡಿಯೋ ಕಾಲಿನಿಂದ ಎದ್ದು ಎಲ್ಲಿಗೆ ಹೋಗುತ್ತೀರಿ ಭಾವ? ಅಡುಗೆಮನೆಗಾ?"

ಅಡುಗೆಮನೆ ಅಂದಮೇಲೆ ಲ್ಯಾಪ್‌ಟಾಪು ಇನ್ನೊಂದು ಖರ್ಚು ಹೇಳಿದ. ಮನೆಯಲ್ಲಿ ಎರಡು ರೂಮು. ಬಾಗಿಲು ಹಾಕಿಕೊಂಡು ಮೆಲ್ಲಗೆ ಮಾತಾಡಿದರೆ ಅಮ್ಮ ಹುಡುಗಿಯ ಜೊತೆ ಮಾತಾಡುತ್ತಿದ್ದಾನೆಂದು ಬಾಗಿಲಿಗೆ ಕಿವಿ ಕೊಡುತ್ತಾರೆ. ಅದಕ್ಕೇ ಕಾರಿನಲ್ಲಿ ಕೂತು ಮಾತಾಡುತ್ತಾನೆ. ಏಸಿ, ಪೆಟ್ರೋಲು, ಡೇಟಾ ಎಲ್ಲ ಅವನ ತಲೆ ಮೇಲೆ. ಒಂದು ದಿನ ಹಾಗೆ ಅಳುತ್ತಾ ಕೂತಿದ್ದಾಗ ಟ್ರಾಫಿಕ್ ಪೊಲೀಸರೊಬ್ಬರು ಕಿಟಕಿ ತಟ್ಟಿದರು. ನೋ ಪಾರ್ಕಿಂಗ್. ಇವನ ಮುಖ ನೋಡಿ ದಂಡ ಹಾಕದೆ, "ಹೋಗಪ್ಪಾ, ಎಲ್ಲಾ ಸರಿಹೋಗುತ್ತೆ" ಎಂದು ಕಳಿಸಿದರಂತೆ.

"ನೋಡು, ಅದು ಫ್ರೀ ಥೆರಪಿ," ಎಂದರು ಮೇಷ್ಟ್ರು.

"ಪೂರ್ತಿ ಫ್ರೀ ಬೇಕಾದರೆ ಅದೂ ಇದೆ," ಎಂದು ಲಲಿತಕ್ಕ ಫೋನ್ ತೆಗೆದರು. "ಟೆಲಿ ಮನಸ್. 14416. ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರ್ 10ರಂದು ಶುರುವಾಯಿತು. ನಮ್ಮ ನಿಮ್ಹಾನ್ಸ್‌ನವರೇ ಮುಂದೆ ನಿಂತು ನೋಡಿಕೊಳ್ಳುತ್ತಿರೋದು. ಒಂದು ಪೈಸೆ ಇಲ್ಲ. ಇಪ್ಪತ್ತು ಭಾಷೆ, ಕನ್ನಡವೂ ಇದೆ. ಮೊದಲು ಕೌನ್ಸೆಲರ್ ಮಾತಾಡುತ್ತಾರೆ, ಬೇಕೆನಿಸಿದರೆ ದೊಡ್ಡ ಡಾಕ್ಟರಿಗೆ ಕೊಡುತ್ತಾರೆ, ಹತ್ತಿರದ ಆಸ್ಪತ್ರೆಗೂ ದಾರಿ ತೋರಿಸುತ್ತಾರೆ."

"ಇದು ಇರುವಾಗ ದುಡ್ಡು ಕೊಡೋರು ಮೂರ್ಖರಾ?" ಎಂದ ಪುಟ್ಟಣ್ಣ. ಅವನಿಗೆ ಫ್ರೀ ಅಂದರೆ ವ್ಯಾಪಾರದ ಶತ್ರು.

"ಹಾಗಲ್ಲ. ಹೆಲ್ಪ್‌ಲೈನ್ ಹೆಲ್ಪ್‌ಲೈನೇ. ಪ್ರತಿ ವಾರ ಅದೇ ವ್ಯಕ್ತಿ ಕೂತು, ಹೋದ ವಾರ ಬಿಟ್ಟಲ್ಲಿಂದ ಹಿಡಿದು ತಿಂಗಳುಗಟ್ಟಲೆ ಕೆಲಸ ಮಾಡೋದು ಬೇರೆ. ಆದರೆ ಯಾರ ಹತ್ತಿರ ಹೋಗಬೇಕು, ನಿಜವಾಗಿ ಹೋಗಬೇಕಾ ಅನ್ನೋದೇ ತಿಳಿಯದವನು ಮೊದಲು ಇಲ್ಲಿಗೆ ಫೋನ್ ಮಾಡಲಿ. ಮಾತ್ರೆ ಬೇಕಾಗಬಹುದು ಅನ್ನಿಸಿದರೆ ನಮ್ಮ ಕೆ.ಆರ್. ಆಸ್ಪತ್ರೆ ಇದೆ, ಮಂಡ್ಯದವರಿಗೆ ಮಿಮ್ಸ್ ಇದೆ. ಎರಡರಲ್ಲೂ ಮನೋವೈದ್ಯರ ವಿಭಾಗ ಇದೆ. ಕಾಯಬೇಕಾಗುತ್ತೆ ಅಷ್ಟೇ. ಪುಟ್ಟಣ್ಣ, ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುತ್ತಾರೆ ಕಣಯ್ಯ. ಮನೋಚೈತನ್ಯ ಅಂತ, ಮಂಗಳವಾರದ ಕ್ಲಿನಿಕ್ಕು."

"ಮಂಗಳವಾರ ನಾವು ಹೊಸ ಕೆಲಸ ಶುರು ಮಾಡಲ್ಲ ಅಕ್ಕ."

"ಮನಸ್ಸಿನ ಡಾಕ್ಟರ ಹತ್ತಿರ ಹೋಗೋಕೂ ವಾರ ನೋಡೋನು ನೀನು. ಮೊದಲು ನಿನ್ನನ್ನೇ ಕಳಿಸಬೇಕು."

ಎಲ್ಲರೂ ನಕ್ಕರು. ಭಾವ ಮಾತ್ರ ನಗಲಿಲ್ಲ. ಜೇಬಿನ ಪುಟಾಣಿ ಡೈರಿ ತೆಗೆದು ಏನೋ ಬರೆಯುತ್ತಿದ್ದರು. ಬ್ಯಾಂಕಿನ ಕಾಲದ ಅಭ್ಯಾಸ, ಅಂಕಿ ಕಂಡರೆ ಬರೆದಿಡಬೇಕು. ನಾನು ಇಣುಕಿ ನೋಡಿದೆ. ಒಂದೂವರೆ ಸಾವಿರ ಇರಲಿಲ್ಲ, 80ಡಿ ಇರಲಿಲ್ಲ, ಒಂಬತ್ತು ಸಾವಿರದ ಹೂವೂ ಇರಲಿಲ್ಲ. 14416 ಮಾತ್ರ ಇತ್ತು, ಕೆಳಗೆ ಎರಡು ಗೆರೆ ಎಳೆದಿತ್ತು.

"ಲಲಿತಮ್ಮ, ಇದು ಆಫೀಸ್ ಟೈಮಾ?" ಎಂದು ಕೇಳಿದರು.

"ಇಪ್ಪತ್ನಾಲ್ಕು ಗಂಟೆ ಭಾವ."

"ರಾತ್ರಿ ಮೂರಕ್ಕೂ?"

"ಮೂರಕ್ಕೂ."

ಪುಟ್ಟಣ್ಣ ಭಾವನ ಭುಜದ ಮೇಲೆ ಕೈ ಹಾಕಿದ. "ರಾತ್ರಿ ನಿದ್ದೆ ಬರಲ್ವಾ ಭಾವ? ಮೂರಾದರೂ ಸರಿ, ನಾಲ್ಕಾದರೂ ಸರಿ, ನನಗೇ ಫೋನ್ ಮಾಡಿ. ನಾನಿದ್ದೇನಲ್ಲ."

"ನೀನು ಅಡ್ಮಿಟ್ ಆಗಿ ಅನ್ನುತ್ತೀಯ," ಎಂದು ಭಾವ ಡೈರಿ ಮುಚ್ಚಿ ಜೇಬಿಗೆ ಹಾಕಿಕೊಂಡರು. "ಅವರಿಗೇ ಮಾಡುತ್ತೇನೆ ಬಿಡು."