ಕಾರ್ಡೋಬಾಗೆ ಒಂದೇ ದಿನ ಸಾಕಾ?

ಪ್ರಶ್ನೆ: ಮುಂದಿನ ತಿಂಗಳು ಸ್ಪೇನ್‌ಗೆ ಹೋಗುತ್ತಿದ್ದೇನೆ. ಕಾರ್ಡೋಬಾದಲ್ಲಿ ಮುಸ್ಲಿಂ ಆಳ್ವಿಕೆಯ ಕಾಲದ್ದು ಆ ದೊಡ್ಡ ಮಸೀದಿ ಬಿಟ್ಟು ಬೇರೆ ಏನಿದೆ? ಒಂದು ದಿನ ಸಾಕಾ?

ಉತ್ತರ 1: ಮಸೀದಿಗೇ ಅರ್ಧ ದಿನ ಬೇಕು ಸಾರ್. 785ರ ಹೊತ್ತಿಗೆ ಆಗಿನ ದೊರೆ ಮೊದಲನೇ ಅಬ್ದುಲ್ ರಹಮಾನ್ ಶುರು ಮಾಡಿಸಿದ್ದು, ಆಮೇಲೆ ಬಂದವರು ಬೆಳೆಸುತ್ತಾ ಹೋದರು. ಹಳೇ ರೋಮನ್ ಕಟ್ಟಡಗಳ ಕಂಬಗಳನ್ನೇ ತಂದು ನಿಲ್ಲಿಸಿದ್ದರು, ಅವು ಗಿಡ್ಡ, ಅದಕ್ಕೇ ಒಂದರ ಮೇಲೊಂದು ಎರಡು ಕಮಾನು ಕಟ್ಟಿ ಚಾವಣಿ ಎತ್ತರಿಸಿದ್ದಾರೆ. ಕೆಂಪು ಇಟ್ಟಿಗೆ, ಬಿಳಿ ಕಲ್ಲು. ನಡುವೆ 16ನೇ ಶತಮಾನದ ಚರ್ಚ್ ಎದ್ದು ನಿಂತಿದೆ, ನನಗಂತೂ ಸರಿಬರಲಿಲ್ಲ.

ಉತ್ತರ 2: ಸರಿಬರದಿದ್ದರೂ ಆ ಇಡೀ ಮಸೀದಿ ಕಟ್ಟಡವೇ ಈಗಲೂ ಕ್ಯಾಥೆಡ್ರಲ್ (ಮುಖ್ಯ ಚರ್ಚ್) ಅಲ್ವಾ, ಕ್ರೈಸ್ತರು ಊರು ಗೆದ್ದ 1236ರಿಂದ. ಮದೀನತ್ ಅಲ್ ಝಹ್ರಾ ಮಾತ್ರ ಬಿಡಬೇಡಿ. ಊರಿಂದ ಸುಮಾರು 8 ಕಿಲೋಮೀಟರ್. 10ನೇ ಶತಮಾನದಲ್ಲಿ ಖಲೀಫ ಕಟ್ಟಿಸಿದ ಅರಮನೆ ನಗರ, ನೂರು ವರ್ಷ ತುಂಬುವ ಮೊದಲೇ ಅಂತರ್ಯುದ್ಧದಲ್ಲಿ ಹಾಳಾಯಿತು. ನೆರಳು ಕಮ್ಮಿ, ಟೋಪಿ ಇರಲಿ.

ಉತ್ತರ 3: ಹಳೇ ಕೋಟೆಗೋಡೆ ಪಕ್ಕ ಇಬ್ನ್ ರುಶ್ದ್ ಪ್ರತಿಮೆ ಇದೆ, ಇದೇ ಊರಲ್ಲಿ 1126ರಲ್ಲಿ ಹುಟ್ಟಿದ ತತ್ವಜ್ಞಾನಿ. ಎರಡು ದಿನ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು: ಸರಿ, ಎರಡು ರಾತ್ರಿ ಬುಕ್ ಮಾಡಿದೆ.